ಮೆತ್ತಗಾದದ್ದು ಯಾರ ಪಾಲಿಗೆ?

ಕೋಲಾರದ ಎಪಿಎಂಸಿ ಅಂಗಳದಲ್ಲಿ ನಿಂತು ‘ಟೊಮೆಟೊ ಕಿಲೋಗೆ ಎಷ್ಟು?’ ಎಂದು ಕೇಳಿದರೆ ಎದುರಿನವರು ನಿಮ್ಮನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಊರಿಗೆ ಹೊಸಬರು ಅಂತ ಅಷ್ಟರಲ್ಲೇ ಗೊತ್ತಾಗಿರುತ್ತದೆ. ಅಲ್ಲಿ ಕಿಲೋ ಲೆಕ್ಕವಿಲ್ಲ, ಬಾಕ್ಸ್ ಲೆಕ್ಕ. ಹದಿನೈದು ಕಿಲೋ ಹಿಡಿಯುವ ಪ್ಲಾಸ್ಟಿಕ್ ಕ್ರೇಟಿಗೆ ಅಲ್ಲಿನವರ ಹೆಸರು ಬಾಕ್ಸ್. ‘ಬಾಕ್ಸ್ ಎಷ್ಟಕ್ಕೆ ಹೋಯ್ತಣ್ಣ?’ ಎನ್ನುವುದು ಆ ಅಂಗಳದಲ್ಲಿ ಕುಶಲ ವಿಚಾರಿಸುವ ರೀತಿಯೂ ಹೌದು. ಕಿಲೋ ಕಾಣಿಸಿಕೊಳ್ಳುವುದು ಎಪ್ಪತ್ತು ಕಿಲೋಮೀಟರ್ ಆಚೆ, ಬೆಂಗಳೂರಿನ ಸೂಪರ್‌ಮಾರ್ಕೆಟ್‌ನ ತಣ್ಣನೆಯ ಬೆಳಕಿನಲ್ಲಿ. ಅಲ್ಲಿ ಬೆಲೆಯ ಕೊನೆಗೊಂದು ಒಂಬತ್ತು ಇರುತ್ತದೆ.

ಈ ಎರಡರ ನಡುವಿನ ದಾರಿಯನ್ನು ನಾವು ನೇರ ರಸ್ತೆ ಎಂದುಕೊಂಡಿದ್ದೇವೆ. ರೈತ ಬೆಳೆದ, ಲಾರಿ ತಂದಿತು, ಅಂಗಡಿ ಮಾರಿತು, ಅಷ್ಟೆ. ಒಂದು ಬಾಕ್ಸಿನ ಹಿಂದೆ ಬಿದ್ದು ನೋಡಿದರೆ ಅದು ರಸ್ತೆಗಿಂತ ಜರಡಿಯಂತೆ ಕಾಣುತ್ತದೆ. ಒಂದು ಜರಡಿಯಲ್ಲ, ಐದಾರು. ಪ್ರತಿ ಜರಡಿಯಲ್ಲೂ ಒಂದಷ್ಟು ಹಣ್ಣು ಪಾಸಾಗುತ್ತದೆ, ಒಂದಷ್ಟು ಕೆಳಗುದುರುತ್ತದೆ. ಪಾಸಾದದ್ದನ್ನು ನಾವು ಶೆಲ್ಫಿನಲ್ಲಿ ನೋಡುತ್ತೇವೆ. ಉದುರಿದ್ದರ ನಷ್ಟ ಯಾರ ತಲೆಗೆ ಎನ್ನುವುದೇ ಇಡೀ ವ್ಯಾಪಾರದ ಒಳಗುಟ್ಟು.

ಮೊದಲ ಜರಡಿ ಹೊಲದಲ್ಲಿಯೇ ಇದೆ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಇರುವುದು ಕೆರೆ, ಸಾವಿರ ಅಡಿ ದಾಟಿದ ಬೋರ್‌ವೆಲ್, ಹನಿ ನೀರಾವರಿಯ ಕಪ್ಪು ಪೈಪು. 2018ರಿಂದ ಇನ್ನೊಂದು ನೀರು ಬರುತ್ತಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ, ಅಂದರೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಚರಂಡಿ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಾರೆ. ದಿನಕ್ಕೆ 440 ದಶಲಕ್ಷ ಲೀಟರ್, ನೂರಕ್ಕೂ ಹೆಚ್ಚು ಕೆರೆ ಎಂಬುದು ಯೋಜನೆಯ ಲೆಕ್ಕ. ನೇರವಾಗಿ ಹೊಲಕ್ಕೆ ಹಾಯಿಸಲು ಕೊಟ್ಟ ನೀರಲ್ಲ ಅದು, ಅಂತರ್ಜಲ ಏರಿಸಲಿಕ್ಕೆ ಕೊಟ್ಟದ್ದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಬೇಕು ಎಂಬ ಕೂಗು ಮೊದಲಿನಿಂದಲೂ ಇದೆ, ಪ್ರಕರಣ ಕೋರ್ಟಿನ ಮೆಟ್ಟಿಲನ್ನೂ ಹತ್ತಿ ಬಂದಿದೆ. ಅದೇನೇ ಇರಲಿ, ರಾಜಧಾನಿಯ ಬಚ್ಚಲಿನಿಂದ ಹೊರಟ ನೀರು ಕೋಲಾರದ ಕೆರೆಯಲ್ಲಿ ಇಂಗಿ, ಬೋರ್‌ವೆಲ್ಲಿನಲ್ಲಿ ಮೇಲೆದ್ದು, ಟೊಮೆಟೊದೊಳಗೆ ಸೇರಿ ಅದೇ ರಾಜಧಾನಿಯ ಅಡುಗೆಮನೆಗೆ ವಾಪಸಾಗುತ್ತಿರಬಹುದು. ಬೆಂಗಳೂರಿಗರು ತಾವು ಏನು ತಿನ್ನುತ್ತೇವೆ ಎಂದು ಕೇಳುವಾಗ ತಾವು ಏನು ಹರಿಬಿಟ್ಟೆವು ಎಂದೂ ಕೇಳಿಕೊಳ್ಳಬೇಕಾದ ಸಂದರ್ಭ ಇದು.

ನರ್ಸರಿಯಿಂದ ಟ್ರೇಗಟ್ಟಲೆ ಸಸಿ ತಂದು, ಮಲ್ಚಿಂಗ್ ಶೀಟಿನ ತೂತುಗಳಲ್ಲಿ ನೆಟ್ಟು, ಸಾಲಿಗೆ ನೀಲಗಿರಿ ಕಡ್ಡಿ ನಿಲ್ಲಿಸಿ, ದಾರ ಎಳೆದು ಗಿಡ ಕಟ್ಟುವಷ್ಟರಲ್ಲಿ ಎಕರೆಗೆ ಲಕ್ಷದ ಮಾತು ಬಂದಿರುತ್ತದೆ. ನೆಟ್ಟ ಎರಡು ತಿಂಗಳ ಮೇಲೆ ಮೊದಲ ಕೊಯ್ಲು. ಆಮೇಲೆ ನಾಲ್ಕೈದು ದಿನಕ್ಕೊಮ್ಮೆ ಕೀಳುತ್ತಲೇ ಇರಬೇಕು. ಕೀಳುವವರು ಬಹುಪಾಲು ಹೆಣ್ಣಾಳುಗಳು. ಎಂಥ ಹಣ್ಣನ್ನು ಕೀಳಬೇಕು ಎನ್ನುವುದು ಅವರ ಕೈಗೆ ಗೊತ್ತು. ಹತ್ತಿರದ ಪೇಟೆಗಾದರೆ ಕೆಂಪಗಿನದು, ದಿಲ್ಲಿ–ಕೋಲ್ಕತ್ತಾ ಲಾರಿಗಾದರೆ ದೋರೆಗಾಯಿ. ಟೊಮೆಟೊ ಬಾಳೆ, ಮಾವಿನ ಜಾತಿಯ ಗುಣದ್ದು, ಕಿತ್ತ ಮೇಲೂ ತಾನೇ ಎಥಿಲಿನ್ ಅನಿಲ ಬಿಟ್ಟುಕೊಂಡು ಹಣ್ಣಾಗುತ್ತದೆ. ಬುಡದಲ್ಲಿ ಒಂದು ಚೂರು ಬಣ್ಣ ತಿರುಗಿದರೆ ಸಾಕು, ಉಳಿದದ್ದನ್ನು ಅದು ಲಾರಿಯಲ್ಲಿಯೇ ಮುಗಿಸಿಕೊಳ್ಳುತ್ತದೆ. ತೊಟ್ಟು ಬಿಡಿಸಿಯೇ ಬಕೆಟ್ಟಿಗೆ ಹಾಕಬೇಕು, ಇಲ್ಲದಿದ್ದರೆ ಒಂದರ ತೊಟ್ಟು ಇನ್ನೊಂದರ ಮೈಗೆ ಚುಚ್ಚುತ್ತದೆ. ಚುಚ್ಚಿಸಿಕೊಂಡದ್ದು ಬಾಕ್ಸಿನ ತಳದಲ್ಲಿ ಕೊಳೆಯುತ್ತದೆ, ಅಕ್ಕಪಕ್ಕದ್ದನ್ನೂ ಕೊಳೆಸುತ್ತದೆ.

ಒಡೆದದ್ದು, ಹುಳ ಕಚ್ಚಿದ್ದು, ಗೋಲಿ ಗಾತ್ರದ್ದು ಹೊಲದ ಬದುವಿನಲ್ಲಿಯೇ ಉಳಿಯುತ್ತವೆ. ಇದು ಮೊದಲ ಉದುರು. ಇದನ್ನು ಯಾವ ರಸೀದಿಯಲ್ಲೂ ಬರೆಯುವುದಿಲ್ಲ.

ಎರಡನೆಯ ಜರಡಿ ಮಂಡಿ. ನಾನು ಅಲ್ಲಿಗೆ ಹೋದದ್ದು ಜಿನುಗು ಮಳೆಯ ಒಂದು ಬೆಳಗ್ಗೆ. ಏಷ್ಯಾದ ಎರಡನೇ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆ ಎಂದು ಕೋಲಾರದವರು ಹೆಮ್ಮೆಯಿಂದ ಹೇಳಿಕೊಳ್ಳುವ ಜಾಗ. ಕಾಲಿಡುವಲ್ಲೆಲ್ಲ ತುಳಿದ ಹಣ್ಣಿನ ಕೆಂಪು ರಾಡಿ. ಸಾಲುಸಾಲು ಮಂಡಿಗಳ ಮುಂದೆ ಎದೆಮಟ್ಟ ಪೇರಿಸಿದ ಬಾಕ್ಸುಗಳು. ಹರಾಜು ಕೂಗುವವನು ಒಂದು ರಾಶಿಯಿಂದ ಇನ್ನೊಂದಕ್ಕೆ ಸರಿಯುತ್ತಾನೆ, ಅವನ ಸುತ್ತ ಹತ್ತು ಹದಿನೈದು ಮಂದಿ ಖರೀದಿದಾರರು ಜೇನುಹಿಂಡು ಸರಿದಂತೆ ಸರಿಯುತ್ತಾರೆ. ಸಂಖ್ಯೆ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಏರಿ, ಉತ್ತರದ ವ್ಯಾಪಾರಿಯೊಬ್ಬ ತಲೆಯಾಡಿಸಿದರೆ ಹಿಂದಿಯಲ್ಲಿ ಮುಗಿಯುತ್ತದೆ. ಒಂದು ರಾಶಿಗೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಅಷ್ಟರೊಳಗೆ ಖರೀದಿದಾರನ ಕೈ ಮೊಣಕೈವರೆಗೆ ಬಾಕ್ಸಿನೊಳಗೆ ಇಳಿದು ತಳದ ಒಂದು ಹಣ್ಣನ್ನು ಮೇಲೆತ್ತಿರುತ್ತದೆ. ನಾನು ನೋಡುತ್ತಿದ್ದಾಗ ಹಾಗೆ ಮೇಲೆ ಬಂದದ್ದು ಮೆತ್ತಗಿನ ಹಣ್ಣು. ಅವನು ಏನೂ ಮಾತಾಡಲಿಲ್ಲ, ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು ನೆಲಕ್ಕೆ ಹಾಕಿದ. ಕೂಗು ಅಲ್ಲಿಗೇ ನಿಂತಿತು. ನಲವತ್ತು ಬಾಕ್ಸಿನ ಬೆಲೆಯನ್ನು ಒಂದು ಹಣ್ಣು ತೀರ್ಮಾನಿಸಿತ್ತು. ಮಾಲಿನ ಯಜಮಾನ ತುಸು ದೂರದಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಹೆಂಡತಿಯ ಹೆರಿಗೆ ಕೋಣೆಯ ಹೊರಗೆ ನಿಂತವನಂತೆ ನಿಂತಿದ್ದ.

ಇಲ್ಲಿ ನಡೆಯುವುದಕ್ಕೆಲ್ಲ ಕಾನೂನು ಇದೆ, ಅದೂ 1966ರಷ್ಟು ಹಳೆಯದು. ಅದರ ಪ್ರಕಾರ ಕಮಿಷನ್ ಕೊಡಬೇಕಾದವರು ಕೊಳ್ಳುವವರು, ರೈತರಲ್ಲ. ಆದರೆ ತರಕಾರಿ ಮಂಡಿಗಳಲ್ಲಿ ನೂರಕ್ಕೆ ಹತ್ತು ರೂಪಾಯಿ ರೈತರ ಲೆಕ್ಕದಿಂದಲೇ ಮುರಿದುಕೊಳ್ಳುತ್ತಾರೆ ಎಂಬ ದೂರು ರಾಜ್ಯದುದ್ದಕ್ಕೂ ಇದೆ, ಅದರ ವಿರುದ್ಧ ಧರಣಿಗಳೂ ನಡೆದಿವೆ. ‘ಬಿಳಿ ಚೀಟಿ’ ಎಂದರೆ ಯಾವ ರೈತನಿಗೂ ವಿವರಿಸಬೇಕಾಗಿಲ್ಲ. ಅಧಿಕೃತ ರಸೀದಿಯ ಬದಲು ಒಂದು ತುಂಡು ಕಾಗದ, ಅದರಲ್ಲಿ ಬಾಕ್ಸು, ದರ, ಕಮಿಷನ್, ಇಳಿಸಿದ ಕೂಲಿ, ಗಾಡಿ ಬಾಡಿಗೆ, ಕೊನೆಗೆ ಉಳಿದದ್ದು. ಸಹಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಇಷ್ಟು ಹೇಳಿ ದಲ್ಲಾಳಿಯನ್ನು ಬೈದು ಮುಗಿಸುವುದು ಸುಲಭ. ನಾವು ಪತ್ರಿಕೆಯವರು ಮಾಡಿಕೊಂಡು ಬಂದದ್ದೂ ಅದನ್ನೇ. ಆದರೆ ಸಸಿ ನೆಡುವ ಮುಂಚೆ ಕೈಸಾಲ ಕೊಟ್ಟವರು ಮಂಡಿಯವರು. ಖಾಲಿ ಬಾಕ್ಸು ಹಳ್ಳಿಗೆ ಕಳಿಸಿದವರು ಅವರೇ. ಮಗಳ ಮದುವೆಗೆ ಬ್ಯಾಂಕು ‘ನಾಳೆ ಬನ್ನಿ’ ಅಂದಾಗ ರಾತ್ರಿಯೇ ಹಣ ಎಣಿಸಿಕೊಟ್ಟವರೂ ಇರುತ್ತಾರೆ. ಮುಖ್ಯವಾಗಿ ಮಂಡಿ ಎಲ್ಲ ಹಣ್ಣನ್ನೂ ತೆಗೆದುಕೊಳ್ಳುತ್ತದೆ. ದಪ್ಪ, ಸಣ್ಣ, ಕಾಯಿ, ಹಣ್ಣು, ಎಲ್ಲಕ್ಕೂ ಒಂದು ದರ ಕಟ್ಟುತ್ತದೆ. ಆ ದರ ಕಣ್ಣೀರು ಬರಿಸುವಂಥದಾಗಿರಬಹುದು, ಆದರೂ ಬಾಕ್ಸು ವಾಪಸ್ ಬರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಂಡು ಮುಂದಿನ ಜರಡಿಗೆ ಹೋಗೋಣ.

ಸೂಪರ್‌ಮಾರ್ಕೆಟ್ ಸರಪಳಿಗಳ ‘ಕಲೆಕ್ಷನ್ ಸೆಂಟರ್’ ನೋಡಲು ಸಾಧಾರಣ ಶೆಡ್ಡು. ಮಾಲೂರು, ಹೊಸಕೋಟೆ, ಚಿಕ್ಕಬಳ್ಳಾಪುರದ ಕಡೆ ಇಂಥವು ಸಿಗುತ್ತವೆ. ಒಂದು ಎಲೆಕ್ಟ್ರಾನಿಕ್ ತೂಕದ ಯಂತ್ರ, ಒಂದು ಕಂಪ್ಯೂಟರ್, ಬಣ್ಣಬಣ್ಣದ ಕ್ರೇಟುಗಳು. ವ್ಯವಹಾರ ಶುರುವಾಗುವುದು ಹಿಂದಿನ ಸಂಜೆ. ನಗರದ ಒಂದೊಂದು ಮಳಿಗೆಗೂ ನಾಳೆಗೆ ಏನೇನು, ಎಷ್ಟೆಷ್ಟು ಬೇಕು ಎಂಬ ಪಟ್ಟಿ ಫೋನಿಗೆ ಬರುತ್ತದೆ. ಅದಕ್ಕೆ ‘ಇಂಡೆಂಟ್’ ಅನ್ನುತ್ತಾರೆ. ಗೊತ್ತಿರುವ ರೈತರಿಗೆ ಕರೆ ಹೋಗುತ್ತದೆ: ನಾಳೆ ಟೊಮೆಟೊ ಹತ್ತು ಕ್ರೇಟ್ ತನ್ನಿ.

ಇಲ್ಲಿ ಕಮಿಷನ್ ಇಲ್ಲ. ತೂಕದಲ್ಲಿ ಮೋಸವಿಲ್ಲ. ಹಣ ಕೆಲವು ದಿನಗಳಲ್ಲಿ ಬ್ಯಾಂಕ್ ಖಾತೆಗೆ ಬರುತ್ತದೆ. ಇವು ಸಣ್ಣ ಸಂಗತಿಗಳಲ್ಲ, ಬಿಳಿ ಚೀಟಿಯಿಂದ ಬೇಸತ್ತವರಿಗೆ ದೊಡ್ಡ ನೆಮ್ಮದಿಯೇ. ಆದರೆ ಬೆಲೆ ಹೇಗೆ ಗೊತ್ತಾಯಿತು ಎಂದು ಕೇಳಿ ನೋಡಿ. ಆವತ್ತು ಬೆಳಗ್ಗೆ ಮಂಡಿಯಲ್ಲಿ ಎಷ್ಟಕ್ಕೆ ಹೋಯಿತೋ ಅದನ್ನು ನೋಡಿಕೊಂಡು, ಅದರ ಆಸುಪಾಸಿನಲ್ಲಿ. ಅಂದರೆ ಮಂಡಿಯನ್ನು ದಾಟಿ ಬಂದೆವು ಎನ್ನುವವರು ಬೆಲೆ ಕೇಳಲು ಮತ್ತೆ ಅದೇ ಕೆಂಪು ರಾಡಿಯ ಅಂಗಳಕ್ಕೆ ಕಿವಿ ಕೊಡುತ್ತಾರೆ.

ಇನ್ನೊಂದು, ಹತ್ತು ಕ್ರೇಟು ಕೊಂಡರೆ ಹತ್ತೂ ಒಂದೇ ಅಳತೆ, ಒಂದೇ ಬಣ್ಣ, ಒಂದೇ ಬಿಗಿ ಇರಬೇಕು. ಆರಿಸಿದ ಮೇಲೆ ಉಳಿದದ್ದು ‘ರಿಜೆಕ್ಟ್’. ಅದನ್ನು ರೈತನೇ ಗಾಡಿಗೆ ಹಾಕಿಕೊಂಡು ಹೋಗಬೇಕು. ಎಲ್ಲಿಗೆ? ಮಂಡಿಗೆ. ಒಳ್ಳೆಯದನ್ನೆಲ್ಲ ಆರಿಸಿ ತೆಗೆದ ರಾಶಿಗೆ ಮಂಡಿಯಲ್ಲಿ ಯಾವ ಬೆಲೆ ಬಂದೀತು? ಒಂದು ಕೊಯ್ಲಿಗೆ ನೂರು ಬಾಕ್ಸು ಬರುವ ಹೊಲಕ್ಕೆ ಹತ್ತು ಕ್ರೇಟಿನ ಗಿರಾಕಿ ಎಂದರೆ ತೊಂಬತ್ತಕ್ಕೆ ಹಳೆಯ ಗಂಡನ ಪಾದವೇ ಗತಿ. ನಾಳೆಯೂ ಕರೆ ಬರುತ್ತದೆಂಬ ಖಾತರಿ ಇಲ್ಲ. ಮಳೆ ಬಂದು ನಗರದಲ್ಲಿ ವ್ಯಾಪಾರ ಕುಸಿದರೆ ಇಂಡೆಂಟು ಹತ್ತರಿಂದ ಮೂರಕ್ಕೆ ಇಳಿಯುತ್ತದೆ, ಗಿಡದಲ್ಲಿ ಹಣ್ಣಾಗುವುದು ಮಾತ್ರ ಇಳಿಯುವುದಿಲ್ಲ.

ಇದಕ್ಕೆ ಬೇರೆ ದಾರಿ ಹುಡುಕಲಿಲ್ಲವೇ ಅಂದರೆ, ಹುಡುಕಿದ್ದಾರೆ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. ತೋಟಗಾರಿಕೆ ಇಲಾಖೆಯ ಎಂ.ಎಚ್. ಮರಿಗೌಡರ ಕಾಲದ ಕನಸು ಅದು. ಬಡಾವಣೆಗೊಂದು ಪುಟ್ಟ ಮಳಿಗೆ, ಬೆಳಗ್ಗೆ ಬರೆದ ದರಪಟ್ಟಿ, ಊರಿಗೆಲ್ಲ ಒಂದೇ ಬೆಲೆ. ನನ್ನ ತಲೆಮಾರಿನವರಿಗೆ ತರಕಾರಿ ಎಂದರೆ ಅದೇ ಆಗಿತ್ತು. ಈಗ ಹಲವು ಮಳಿಗೆಗಳು ಮುಚ್ಚಿವೆ, ಉಳಿದವು ಮಂಕಾಗಿವೆ. 2003ರಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಬೆಂಬಲದಿಂದ ವೈಟ್‌ಫೀಲ್ಡ್ ಬಳಿಯ ಕನ್ನಮಂಗಲದಲ್ಲಿ ಸಫಲ್ ಹರಾಜು ಮಾರುಕಟ್ಟೆ ಬಂತು. ಶುಚಿಯಾದ ಕಟ್ಟಡ, ಶೀತಲ ಕೊಠಡಿ, ಗ್ರೇಡಿಂಗ್, ಎಲ್ಲ ಇತ್ತು. ಆದರೆ ಕಟ್ಟಡ ನೋಡಿ ಮಾಲು ಬರುವುದಿಲ್ಲ, ಕೊಳ್ಳುವವರ ಗುಂಪು ನೋಡಿ ಬರುತ್ತದೆ. ಆ ಗುಂಪು ಹಳೆಯ ಮಂಡಿಗಳಲ್ಲೇ ಉಳಿಯಿತು.

ಕಲೆಕ್ಷನ್ ಸೆಂಟರಿನಿಂದ ಸಂಜೆ ಹೊರಟ ಲಾರಿ ನಗರದ ಅಂಚಿನ ಗೋದಾಮಿಗೆ ಬರುತ್ತದೆ. ಅಲ್ಲಿ ರಾತ್ರಿಯಿಡೀ ಇನ್ನೊಂದು ಸುತ್ತು ಆರಿಸುವುದು, ಮಳಿಗೆವಾರು ಹಂಚುವುದು. ಬೆಳಕು ಹರಿಯುವ ಮುಂಚೆ ಸಣ್ಣ ಗಾಡಿಗಳು ಬಡಾವಣೆಗಳಿಗೆ ಹೊರಡುತ್ತವೆ. ಬಾಗಿಲು ತೆಗೆಯುವಷ್ಟರಲ್ಲಿ ಶೆಲ್ಫು ತುಂಬಿರಬೇಕು. ತರಕಾರಿಯನ್ನು ಬಾಗಿಲ ಹತ್ತಿರವೇ ಜೋಡಿಸುವುದು ಸುಮ್ಮನೆ ಅಲ್ಲ. ದೊಡ್ಡ ಲಾಭ ಸೋಪು, ಬಿಸ್ಕತ್ತುಗಳಲ್ಲಿದೆ. ಆದರೆ ಜನ ದಿನ ಬಿಟ್ಟು ದಿನ ಬರುವುದು ಟೊಮೆಟೊ, ಕೊತ್ತಂಬರಿಗೆ. ತಾಜಾ ಹಣ್ಣು ಕಂಡರೆ ಅಂಗಡಿಯೇ ತಾಜಾ ಅನಿಸುತ್ತದೆ.

ಇಷ್ಟು ಕೈ ದಾಟಿ, ಇಷ್ಟು ಸಲ ಸುರಿಸಿಕೊಂಡು, ತುಂಬಿಸಿಕೊಂಡು ಬಂದರೂ ಹಣ್ಣು ಕಲ್ಲಿನಂತೆ ನಿಂತಿರುತ್ತದಲ್ಲ, ಹೇಗೆ? ದಾರಿಯನ್ನು ಸರಿಮಾಡುವ ಬದಲು ನಾವು ಹಣ್ಣನ್ನೇ ತಿದ್ದಿದೆವು. ನಮ್ಮಜ್ಜಿಯಂದಿರು ಚಪ್ಪರಬದನೆ ಎನ್ನುತ್ತಿದ್ದ, ಗೆರೆಗೆರೆಯ, ತೆಳು ಸಿಪ್ಪೆಯ ನಾಟಿ ಹಣ್ಣು ಬಾಕ್ಸಿನಲ್ಲಿ ಹತ್ತು ಮೈಲಿ ಹೋದರೆ ಸಾರಾಗಿರುತ್ತಿತ್ತು. ಈಗಿನ ಹೈಬ್ರಿಡ್‌ಗಳು ದಪ್ಪ ಸಿಪ್ಪೆಯವು, ಗಟ್ಟಿ ತಿರುಳಿನವು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುದುರು, ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆದುಕೊಳ್ಳುವುದಕ್ಕೆ ಹೆಸರಾದದ್ದು, ಜತೆಗೆ ಹಲವು ದಿನ ಕೆಡದೆ ನಿಲ್ಲುತ್ತದೆ. ಬೆಳೆಗಾರನಿಗೆ ಇದು ಬದುಕಿನ ಪ್ರಶ್ನೆ, ತಪ್ಪು ಹೇಳಲಾಗದು. ಆದರೆ ಹೀಗೆ ಹಣ್ಣು ತಿದ್ದುವಾಗ ರುಚಿಯನ್ನು ಒತ್ತೆಯಿಟ್ಟ ಉದಾಹರಣೆಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಕಾಯಿ ಒಂದೇ ಸಮ ಬಣ್ಣ ಬರಲಿ ಎಂದು ಅಮೆರಿಕದ ತಳಿಗಾರರು ದಶಕಗಳ ಕಾಲ ಭುಜದ ಮೇಲಿನ ಕಡು ಹಸಿರು ಪಟ್ಟಿಯಿಲ್ಲದ ಗಿಡಗಳನ್ನೇ ಆರಿಸುತ್ತ ಬಂದರು. 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಹೇಳಿತು: ಆ ಹಸಿರು ಪಟ್ಟಿಯೇ ಹಣ್ಣಿಗೆ ಒಂದಷ್ಟು ಸಕ್ಕರೆ ತುಂಬುವ ಒಲೆಯಾಗಿತ್ತು. ಚೆಂದಕ್ಕೆಂದು ಒಲೆಯನ್ನೇ ಆರಿಸಿದ್ದರು.

ನಾವು ಮನೆಯಲ್ಲಿ ಮಾಡುವ ತಪ್ಪೂ ಇದೆ. ತಂದ ಕೂಡಲೇ ಟೊಮೆಟೊವನ್ನು ಫ್ರಿಜ್ಜಿಗೆ ತುರುಕುತ್ತೇವೆ. 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಣ್ಣನ್ನು ಐದು ಡಿಗ್ರಿಯಲ್ಲಿ ಒಂದು ವಾರ ಇಟ್ಟು ನೋಡಿದರು. ಪರಿಮಳ ತಯಾರಿಸುವ ಜೀನುಗಳ ಕೆಲಸ ಚಳಿಗೆ ಕುಂಠಿತವಾಗಿತ್ತು, ಹೊರಗೆ ತೆಗೆದಿಟ್ಟ ಮೇಲೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಚೆನ್ನಾಗಿ ನಡೆಸುವ ಅಂಗಡಿಗಳಲ್ಲಿ ಸೊಪ್ಪು ತಣ್ಣನೆಯ ಗೂಡಿನಲ್ಲಿ, ಟೊಮೆಟೊ ಹೊರಗಿನ ಬುಟ್ಟಿಯಲ್ಲಿ ಇರುವುದು ಇದಕ್ಕೇ.

ಈಗ ಹಣದ ಲೆಕ್ಕ. 2024ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಗ್ರಾಹಕ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ತಲುಪುವುದು ಸುಮಾರು 33 ಪೈಸೆ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಉಳಿದ 67 ಪೈಸೆಯನ್ನು ಯಾರೋ ನುಂಗಿದರು ಎಂದು ತಿಳಿಯಬೇಡಿ. ಅದರಲ್ಲಿ ಡೀಸೆಲ್ ಇದೆ, ಹಮಾಲಿ ಇದೆ, ಅಂಗಡಿ ಬಾಡಿಗೆ ಇದೆ, ಕೊಳೆತದ್ದರ ಬೆಲೆಯೂ ಇದೆ. ಕೊಯ್ಲಿನಿಂದಾಚೆ ನಮ್ಮ ದೇಶದಲ್ಲಿ ನೂರರಲ್ಲಿ ಹನ್ನೆರಡು ಟೊಮೆಟೊ ಹಾಳಾಗುತ್ತವೆ ಎಂದು ಕೇಂದ್ರದ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆ 2015ರಲ್ಲಿ ಅಂದಾಜಿಸಿತ್ತು. ಅಂಗಡಿಯವನು ಕೊಳೆಯುವುದನ್ನು ಮೊದಲೇ ಲೆಕ್ಕ ಹಿಡಿದು ದರ ಹಾಕುತ್ತಾನೆ. ವ್ಯಾಪಾರಿಯೂ ಹಿಡಿಯುತ್ತಾನೆ. ಹಾಗೆ ಲೆಕ್ಕ ಹಿಡಿದು ದರ ಹೇಳುವ ಅಧಿಕಾರವಿಲ್ಲದವನು ರೈತ ಒಬ್ಬನೇ.

ಅವನ ಕೈಗೂ ಒಮ್ಮೊಮ್ಮೆ ಅದೃಷ್ಟ ತಗಲುತ್ತದೆ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಹಾಸನ ಜಿಲ್ಲೆಯಲ್ಲಿ ಹೊಲದಿಂದಲೇ ಟೊಮೆಟೊ ಕಳವಾಗಿ ಪೊಲೀಸ್ ದೂರು ದಾಖಲಾಯಿತು. ಕೇಂದ್ರ ಸರ್ಕಾರ ದಕ್ಷಿಣದಿಂದ ಹಣ್ಣು ಕೊಂಡು ದಿಲ್ಲಿಯಲ್ಲಿ ಕಿಲೋಗೆ 90 ರೂಪಾಯಿಯಂತೆ ವ್ಯಾನುಗಳಲ್ಲಿ ಮಾರಿಸಿತು, ಆಗಸ್ಟ್ ಹೊತ್ತಿಗೆ ನೇಪಾಳದಿಂದಲೂ ತರಿಸಿತು. ಅದಕ್ಕೆ ಎರಡು ವರ್ಷ ಮುಂಚೆ, 2021ರ ಮೇ ಲಾಕ್‌ಡೌನಿನಲ್ಲಿ, ಅದೇ ಕೋಲಾರದಲ್ಲಿ ರೈತರು ಕಿತ್ತ ಹಣ್ಣನ್ನು ರಸ್ತೆ ಬದಿಗೆ ಸುರಿದಿದ್ದರು. ಬೆಲೆ ಏರಿದಾಗ ಎಲ್ಲರೂ ಸಸಿ ನೆಡುತ್ತಾರೆ, ಮೂರು ತಿಂಗಳಿಗೆ ಎಲ್ಲರ ಹಣ್ಣೂ ಒಟ್ಟಿಗೆ ಮಂಡಿಗೆ ಬರುತ್ತದೆ. ಬಾಕ್ಸು ಅರವತ್ತು ರೂಪಾಯಿಗೆ ಬಂತೆಂದರೆ ಕಿಲೋಗೆ ನಾಲ್ಕು ರೂಪಾಯಿ. ಕೀಳುವ ಕೂಲಿ, ಗಾಡಿ ಬಾಡಿಗೆ ಕೊಟ್ಟು ಮಂಡಿಗೆ ತರುವುದಕ್ಕಿಂತ ಗಿಡದಲ್ಲಿ ಬಿಡುವುದೇ ಕಡಿಮೆ ನಷ್ಟ. ಸಂಸ್ಕರಣಾ ಘಟಕ ಬರಲಿ ಎಂದು ಕೋಲಾರದವರು ಕೇಳುತ್ತಲೇ ಇದ್ದಾರೆ. ಬರಬೇಕು, ಸರಿ. ಆದರೆ ಅಂಗಡಿಗೆಂದು ಬೆಳೆದ ಹಣ್ಣಿನಲ್ಲಿ ನೀರು ಹೆಚ್ಚು, ಕೆಚಪ್ಪಿಗೆ ಬೇಕಾದ ಗಟ್ಟಿ ಅಂಶ ಕಡಿಮೆ. ಅದಕ್ಕೆ ಬೇರೆಯೇ ತಳಿ ಬೆಳೆಯಬೇಕು. ಹೆಸರಘಟ್ಟದವರೇ ಅರ್ಕಾ ಅಪೇಕ್ಷಾ, ಅರ್ಕಾ ವಿಶೇಷ್ ಎಂಬ ಅಂಥ ತಳಿಗಳನ್ನು ಬಿಡುಗಡೆ ಮಾಡಿದ್ದಾರೆ. ಅವನ್ನು ಬೆಳೆಯಲು ಕಾರ್ಖಾನೆ ಮೊದಲು ಬರಲಿ ಎಂದು ರೈತ, ಕಾರ್ಖಾನೆ ಹಾಕಲು ಬೆಳೆ ಮೊದಲು ಬರಲಿ ಎಂದು ಬಂಡವಾಳದವರು.

ಇನ್ನು ಕೊನೆಯ ಜರಡಿ. ಅದು ನಾವು. ಕಳೆದ ವಾರ ನಮ್ಮ ಬಡಾವಣೆಯ ಸೂಪರ್‌ಮಾರ್ಕೆಟ್‌ನಲ್ಲಿ ಒಬ್ಬರು ಒಂದೊಂದೇ ಟೊಮೆಟೊ ಎತ್ತಿ, ಹೆಬ್ಬೆರಳಿನಿಂದ ಒತ್ತಿ, ಹಿಂದೆ ಇಡುವುದನ್ನು ನೋಡಿದೆ. ಹತ್ತು ಒತ್ತಿದರೆ ಮೂರು ಬುಟ್ಟಿಗೆ. ಅವರು ಹೋದ ಮೇಲೆ ನಾನೂ ಅದನ್ನೇ ಮಾಡಿದೆ, ನನಗೇ ತಿಳಿಯದಂತೆ. ಸಂಜೆ ಹೊತ್ತಿಗೆ ಆ ರಾಶಿಯ ಹಣ್ಣುಗಳ ಮೇಲೆ ಹತ್ತಾರು ಹೆಬ್ಬೆರಳಿನ ಗುರುತು ಮೂಡಿರುತ್ತದೆ. ರಾತ್ರಿ ಸಿಬ್ಬಂದಿ ಅವನ್ನು ಆರಿಸಿ ತೆಗೆದು ತೂಕ ಮಾಡಿ ಬರೆದುಕೊಳ್ಳುತ್ತಾರೆ. ಆ ಲೆಕ್ಕಕ್ಕೆ ಅವರಿಟ್ಟ ಹೆಸರು ‘ಡಂಪ್’. ಡಂಪ್ ಹೆಚ್ಚಾದರೆ ಮ್ಯಾನೇಜರಿಗೆ ಬೈಗುಳ, ಮ್ಯಾನೇಜರ್ ಗೋದಾಮಿಗೆ ಹೇಳುತ್ತಾನೆ, ಗೋದಾಮು ಕಲೆಕ್ಷನ್ ಸೆಂಟರಿಗೆ ಹೇಳುತ್ತದೆ: ಇನ್ನೂ ಗಟ್ಟಿ ಮಾಲು ಕಳಿಸಿ. ಮಾರನೆಯ ದಿನ ರೈತನ ಗಾಡಿಯಲ್ಲಿ ಇನ್ನೂ ಎರಡು ಕ್ರೇಟು ರಿಜೆಕ್ಟ್. ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪ್‌ಗಳಲ್ಲಿ ಒತ್ತಿ ನೋಡುವ ಅವಕಾಶವಿಲ್ಲ, ಅದಕ್ಕೆ ಫೋಟೊ ಹೊಡೆದು ಕಳಿಸಿ ಹಣ ವಾಪಸ್ ಪಡೆಯುತ್ತೇವೆ. ಹೆಬ್ಬೆರಳು ಗಾಜಿನ ಮೇಲೆ ಒತ್ತಿದರೂ ಪರಿಣಾಮ ಅಷ್ಟೇ ದೂರ ಹೋಗುತ್ತದೆ.

ಆದ್ದರಿಂದ ಒಂದು ಮಾತು. ಟೊಮೆಟೊವನ್ನು ಕಣ್ಣಲ್ಲಿ ಆರಿಸಿ, ಹಿಸುಕಬೇಡಿ. ಸಲಾಡಿಗೆ, ನಾಲ್ಕು ದಿನ ಇಟ್ಟುಕೊಳ್ಳುವುದಕ್ಕೆ ಗಟ್ಟಿಯದು ಬೇಕು, ತೆಗೆದುಕೊಳ್ಳಿ. ಆವತ್ತೇ ಸಾರು ಮಾಡುವುದಿದ್ದರೆ ಬುಟ್ಟಿಯ ಮೂಲೆಯಲ್ಲಿರುವ ಮೆತ್ತಗಿನದನ್ನೇ ತನ್ನಿ. ಹೇಗೂ ಅದನ್ನು ಮನೆಯಲ್ಲಿ ಕೈಯಲ್ಲಿ ಕಿವುಚಿಯೇ ಹಾಕುವುದು.